ಕೈಗೆ ಸರಳು ಹಿಡಿಸಿ "ನಿಮ್ಮ ಸೆಲ್ ಎನರ್ಜಿ 38 ಪರ್ಸೆಂಟ್" ಅಂದರು. ಇದು ನಿಜಾನಾ?

ಸೂಜಿದಾರ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುತ್ತಾ ಎರಡು ವರ್ಷ ಆಯಿತು, ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗಬಹುದು, ಬೇಜಾರು ಮಾಡ್ಕೋಬೇಡಿ.

ನನಗೆ 43 ವರ್ಷ. ತಿಪಟೂರಿನಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದೇನೆ. ದೊಡ್ಡದೇನಲ್ಲ. ಎರಡು ಮೆಷಿನ್, ಒಂದು ಕಟಿಂಗ್ ಟೇಬಲ್, ಹೆಮ್ಮಿಂಗ್ ಮಾಡಿ ಹುಕ್ಸ್ ಹಾಕಲು ಒಬ್ಬಳು ಹುಡುಗಿ. ಮೊದಲೆಲ್ಲ ಮದುವೆ ಸೀಸನ್‌ನಲ್ಲಿ ದಿನಕ್ಕೆ ಆರು ಲೈನಿಂಗ್ ಬ್ಲೌಸ್ ಮುಗಿಸಿ, ರಾತ್ರಿ ಮನೆಗೆ ಹೋಗಿ ಮುದ್ದೆ ತಿರುವುತ್ತಿದ್ದೆ. ಈಗ ಒಂದೂವರೆ ವರ್ಷದಿಂದ ಮೂರು ಹೊಲಿದರೆ ದಿನ ಮುಗಿದಂತೆ. ಅಂಗಡಿ ಇರುವುದು ಮೊದಲ ಮಹಡಿಯಲ್ಲಿ. ಹದಿನೆಂಟು ಮೆಟ್ಟಿಲು. ಹತ್ತನೆಯದರಲ್ಲಿ ನಿಂತು, ಫೋನ್ ನೋಡುವವಳ ಹಾಗೆ ನಟನೆ ಮಾಡಿ, ಉಸಿರು ತೆಗೆದುಕೊಂಡು ಮತ್ತೆ ಹತ್ತುತ್ತೇನೆ.

ಬಾಬಿನ್‌ನಲ್ಲಿ ನೂಲು ಮುಗಿದರೂ ಮೆಷಿನ್ ಓಡುತ್ತಲೇ ಇರುತ್ತದೆ ನೋಡಿ. ಸದ್ದು ಅದೇ, ಸೂಜಿ ಮೇಲೆ ಕೆಳಗೆ ಹೋಗುವುದೂ ಅದೇ. ಆದರೆ ಬಟ್ಟೆ ತೆಗೆದು ನೋಡಿದರೆ ಬರೀ ತೂತು, ಹೊಲಿಗೆ ಬಿದ್ದೇ ಇರಲ್ಲ. ಮಧ್ಯಾಹ್ನ ಮೂರು ಗಂಟೆಯ ಮೇಲೆ ನನ್ನ ಕಥೆ ಹಾಗೇ ಆಗಿದೆ.

ಹೋದ ವಾರ ನಮ್ಮ ಸಂಘದ ಮೀಟಿಂಗ್‌ಗೆ ಇಬ್ಬರು ಬಂದಿದ್ದರು. ಲ್ಯಾಪ್‌ಟಾಪ್, ಅದಕ್ಕೊಂದು ವೈರು, ವೈರಿನ ತುದಿಗೆ ಸ್ಟೀಲ್ ಸರಳು. ಅದನ್ನು ಅಂಗೈಯಲ್ಲಿ ಒಂದು ನಿಮಿಷ ಹಿಡಿದುಕೊಳ್ಳಬೇಕು. ಸೂಜಿ ಇಲ್ಲ, ರಕ್ತ ಇಲ್ಲ. ಪರದೆ ಮೇಲೆ ಬಣ್ಣ ಬಣ್ಣದ ಗೆರೆ ಓಡಿ ಮೂವತ್ತು ಪುಟದ ರಿಪೋರ್ಟ್ ಬಂತು. "ಮೇಡಂ, ನಿಮ್ಮ ಸೆಲ್ಯುಲಾರ್ ಎನರ್ಜಿ 38 ಪರ್ಸೆಂಟ್ ಮಾತ್ರ ಇದೆ. ಮೈಟೋಕಾಂಡ್ರಿಯಾ ಮಲಗಿಬಿಟ್ಟಿದೆ" ಅಂದರು. ಮೂರು ತಿಂಗಳು ಒಂದು ಪುಡಿ ಕುಡಿಯಬೇಕಂತೆ. 7,200 ರೂಪಾಯಿ. ಕಂತೂ ಇದೆಯಂತೆ.

ಸುಳ್ಳು ಅನ್ನೋಣ ಅಂದರೆ, ಸುಸ್ತಂತೂ ನಿಜ. ನಿಜ ಅನ್ನೋಣ ಅಂದರೆ, ನನ್ನ ಪಕ್ಕ ಕೂತಿದ್ದ, ದಿನಾ ತೋಟದಲ್ಲಿ ಗೇಯುವ ಗಟ್ಟಿ ಹೆಂಗಸಿಗೂ 41 ಬಂತು.

ಕೇಳುತ್ತೀರಿ ಅಂತ ಮೊದಲೇ ಹೇಳಿಬಿಡುತ್ತೇನೆ. ಆರು ವರ್ಷದಿಂದ ಶುಗರ್ ಇದೆ, ಮೆಟ್‌ಫಾರ್ಮಿನ್ ದಿನಕ್ಕೆ ಎರಡು. ಎಡಗಾಲು ಜುಮ್ಮೆನ್ನುತ್ತದೆ, ಪೆಡಲ್ ಒತ್ತಿದರೂ ಕೆಲವು ಸಲ ಗೊತ್ತಾಗುವುದಿಲ್ಲ. ಅದು ಶುಗರ್‌ನದ್ದೇ ಅಂತ ಹೇಳಿದ್ದಾರೆ. ಮನೆಯಲ್ಲಿ ಮಾಂಸ, ಮೊಟ್ಟೆ ಇಲ್ಲ. ಟೀ ದಿನಕ್ಕೆ ಐದಾರು ಲೋಟ, ಅದು ನನ್ನ ಚಟ. ಮುಟ್ಟು ಎರಡು ವರ್ಷದಿಂದ ಜಾಸ್ತಿ, ಏಳೆಂಟು ದಿನ ಹೋಗುತ್ತದೆ. ಹೋದ ವರ್ಷ ಒಂದು ಕಡೆ ರಕ್ತ ತೋರಿಸಿದಾಗ "ಸ್ವಲ್ಪ ಕಮ್ಮಿ, ಪರವಾಗಿಲ್ಲ, ಬೀಟ್‌ರೂಟ್ ತಿನ್ನಿ" ಅಂದು ಕಳಿಸಿದ್ದರು. ತಿಂದೆ.

ಈ ಮೈಟೋಕಾಂಡ್ರಿಯಾ ಅನ್ನುವುದು ನಿಜವಾಗಲೂ ಮಲಗುತ್ತದಾ? ಪುಡಿ ತಗೊಳ್ಳಲಾ ಬೇಡವಾ?

ಅಡಿಕೆ ಸಿಪ್ಪೆ ಬರೆದದ್ದು:

ಅಕ್ಕಾ, ದುಡ್ಡು ಕೊಡಬೇಡಿ. ಇದೇ ಸರಳು ನಮ್ಮೂರಿಗೂ ಬಂದಿತ್ತು. ನಮ್ಮ ಭಾವ ತುಂಟ. ಸರಳಿನವರು ಟೀ ಕುಡಿಯಲು ಒಳಗೆ ಹೋದಾಗ ಸರಳಿಗೆ ಒದ್ದೆ ಟವೆಲ್ ಸುತ್ತಿ ಬಟನ್ ಒತ್ತಿದ. ಟವೆಲ್‌ಗೆ ಲಿವರ್ ತೊಂದರೆ ಇದೆ, ಕ್ಯಾಲ್ಸಿಯಂ ಕಮ್ಮಿ ಇದೆ ಅಂತ ಪೂರ್ತಿ ರಿಪೋರ್ಟ್ ಬಂತು. ಮೊದಲು ವಯಸ್ಸು, ಎತ್ತರ, ತೂಕ ತುಂಬಿಸಿಕೊಳ್ಳುತ್ತಾರಲ್ಲ, ಆ ಲೆಕ್ಕದ ಮೇಲೆ ಏನೋ ಒಂದು ಕಕ್ಕುತ್ತದೆ ಅಷ್ಟೆ.

ಸ್ಯಾಂಪಲ್ ಟ್ಯೂಬ್ ಬರೆದದ್ದು:

ಮೇಡಂ, ನಾನು ಡಾಕ್ಟರ್ ಅಲ್ಲ. ಲ್ಯಾಬ್ ಟೆಕ್ನೀಷಿಯನ್. ಹಾಸನ ಜಿಲ್ಲೆಯಲ್ಲಿ 24 ವರ್ಷದಿಂದ ರಕ್ತ ತೆಗೆಯುವುದೇ ಕೆಲಸ. ನಿಮ್ಮ ಪೋಸ್ಟ್ ಓದಿ ಸುಮ್ನೆ ಇರಲು ಆಗಲಿಲ್ಲ. ಯಾಕೆ ಅಂದರೆ ನೀವು ಕೊನೆಯಲ್ಲಿ "ಕೇಳುತ್ತೀರಿ ಅಂತ" ಬರೆದ ಆ ಒಂದು ಪ್ಯಾರಾದಲ್ಲೇ ಉತ್ತರದ ಮುಕ್ಕಾಲು ಭಾಗ ಇದೆ.

ಮೊದಲು ಸರಳಿನ ಸಂಗತಿ. ದೇಹದ ಜೀವಕಣಗಳು (ಸೆಲ್) ಕೆಲಸಕ್ಕೆ ಬಳಸುವ ಇಂಧನದ ಹೆಸರು ಎಟಿಪಿ. ಇದನ್ನು ಕೂಡಿಡಲು ಬರುವುದಿಲ್ಲ. ಯಾವ ಕ್ಷಣದಲ್ಲಿ ನೋಡಿದರೂ ಮೈಯಲ್ಲಿ ಇರುವುದು ನೂರು ಗ್ರಾಂ ಆಸುಪಾಸು ಅಷ್ಟೆ. ಅದೇ ಖರ್ಚಾಗಿ, ಅದೇ ಮತ್ತೆ ತಯಾರಾಗಿ, ದಿನಕ್ಕೆ ಹತ್ತಿರ ಹತ್ತಿರ ನಮ್ಮ ಮೈತೂಕದಷ್ಟು ಎಟಿಪಿ ತಿರುಗುತ್ತದೆ. ಚಿಲ್ಲರೆ ಅಂಗಡಿಯ ಗಲ್ಲಾಪೆಟ್ಟಿಗೆಯ ಹಾಗೆ. ಪೆಟ್ಟಿಗೆಯಲ್ಲಿ ಇನ್ನೂರು ರೂಪಾಯಿ ಇರಬಹುದು, ಸಂಜೆ ಹೊತ್ತಿಗೆ ವ್ಯಾಪಾರ ಇಪ್ಪತ್ತು ಸಾವಿರ. ಇದನ್ನು ನಿಜವಾಗಿ ಅಳೆಯಬೇಕು ಅಂದರೆ ಮಾಂಸಖಂಡದ ಚೂರು ತೆಗೆದು ನೋಡಬೇಕು, ಇಲ್ಲವೇ ಎಟಿಪಿಯಲ್ಲಿರುವ ರಂಜಕವನ್ನು (ಫಾಸ್ಫರಸ್) ಗುರುತಿಸುವ ವಿಶೇಷ ಎಂಆರ್ ಸ್ಕ್ಯಾನ್ ಮಾಡಬೇಕು. ಅಂಗೈಯಲ್ಲಿ ಸ್ಟೀಲ್ ಹಿಡಿದರೆ ಅಂಗೈಯ ಬೆವರು ಗೊತ್ತಾಗಬಹುದು. 38 ಪರ್ಸೆಂಟ್ ಅಂದರೆ ಯಾವುದರ 38 ಅಂತ ಕೇಳಿ ನೋಡಿ.

ಒಂದು ಮಾತು ನಡುವೆ. ಈ ಎಟಿಪಿ ಗೊತ್ತಾದದ್ದು 1929ರಲ್ಲಿ. ಜರ್ಮನಿಯ ಲೋಹ್‌ಮನ್ ಒಂದು ಕಡೆ, ಅಮೆರಿಕದಲ್ಲಿ ಫಿಸ್ಕ್ ಮತ್ತು ನಮ್ಮ ಪಕ್ಕದ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಇನ್ನೊಂದು ಕಡೆ. ಲ್ಯಾಬ್ ಡಿಪ್ಲೊಮಾ (ಡಿಎಂಎಲ್‌ಟಿ) ಓದುವಾಗ ರಕ್ತದಲ್ಲಿ ರಂಜಕ ಅಳೆಯಲು ಫಿಸ್ಕ್-ಸುಬ್ಬರಾವ್ ವಿಧಾನ ಅಂತ ಬಾಯಿಪಾಠ ಮಾಡಿದ್ದೆ. ಆ ಸುಬ್ಬರಾವ್ ಇವರೇ ಅಂತ ಗೊತ್ತಾಗಲು ನನಗೆ ಹದಿನೈದು ವರ್ಷ ಬೇಕಾಯಿತು.

ಈಗ ನಿಮ್ಮ ಪ್ರಶ್ನೆ. ಎಟಿಪಿಯ ಬಹುಪಾಲು ತಯಾರಾಗುವುದು ಮೈಟೋಕಾಂಡ್ರಿಯಾದಲ್ಲಿ, ನಿಜ. ಅವು ಕಣದ ಒಳಗಿನ ಸಣ್ಣ ಸಣ್ಣ ಕಾರ್ಖಾನೆ. ಊಟದಿಂದ ಬಂದ ಸಕ್ಕರೆ, ಕೊಬ್ಬು ಅಲ್ಲಿ ಒಡೆಯುತ್ತದೆ. ಅದರಿಂದ ಹೊರಟ ಎಲೆಕ್ಟ್ರಾನ್‌ಗಳು ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟುತ್ತಾ ಕೊನೆಗೆ ಆಮ್ಲಜನಕವನ್ನು ಸೇರುತ್ತವೆ. ಹಾಗೆ ದಾಟುವಾಗ ಪ್ರೋಟಾನ್‌ಗಳು ಒಂದು ಪೊರೆಯ ಆಚೆ ಬದಿಗೆ ತಳ್ಳಲ್ಪಟ್ಟು, ಅಣೆಕಟ್ಟಿನ ಹಿಂದೆ ನೀರು ತುಂಬಿದಂತೆ ತುಂಬಿಕೊಳ್ಳುತ್ತವೆ. ವಾಪಸ್ ಹರಿದು ಬರುವಾಗ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತವೆ. ಸುಮ್ನೆ ಹೋಲಿಕೆಗೆ ಹೇಳುತ್ತಿಲ್ಲ, ನಿಜವಾಗಲೂ ತಿರುಗುತ್ತದೆ. ಎಟಿಪಿ ಬೀಳುವುದು ಆ ಚಕ್ರದಿಂದ. ಆಮ್ಲಜನಕ ಇಲ್ಲದೆ ಒಂದು ಗ್ಲೂಕೋಸ್‌ನಿಂದ ಎರಡೇ ಎಟಿಪಿ ಸಿಗುತ್ತದೆ. ಈ ಕಾರ್ಖಾನೆಯ ದಾರಿಯಲ್ಲಿ ಹೋದರೆ ಸುಮಾರು ಮೂವತ್ತು.

ನಿಮ್ಮ ಮೆಷಿನ್ ನಿಂತರೆ ಏನು ಮಾಡುತ್ತೀರಿ? ಮೊದಲು ಪ್ಲಗ್ ನೋಡುತ್ತೀರಿ. ಬೆಲ್ಟ್ ಸಡಿಲ ಆಗಿದೆಯಾ ನೋಡುತ್ತೀರಿ. ಬಾಬಿನ್ ತೆಗೆದು ಹತ್ತಿಯ ಕಸ ಸಿಕ್ಕಿದೆಯಾ ಅಂತ ಊದುತ್ತೀರಿ. ನೇರವಾಗಿ ಹೊಸ ಮೋಟರ್ ತರಲು ಓಡುವುದಿಲ್ಲ, ಅಲ್ವಾ? ಈ ಪುಡಿಯವರು ಮಾರುವುದು ಮೋಟರ್. ನಿಮ್ಮಲ್ಲಿ ಹೋಗಿರುವುದು ಬಹುಶಃ ಪ್ಲಗ್ಗೋ ಬೆಲ್ಟೋ.

ಕಬ್ಬಿಣದ ಅಂಶವನ್ನೇ ತಗೊಳ್ಳಿ. ಅದು ಹಿಮೋಗ್ಲೋಬಿನ್‌ನಲ್ಲಿ ಕೂತು ಆಮ್ಲಜನಕ ಹೊತ್ತು ತರುತ್ತದೆ, ಇಷ್ಟು ಎಲ್ಲರಿಗೂ ಗೊತ್ತು. ಆದರೆ ಕಾರ್ಖಾನೆಯ ಒಳಗೆ ಎಲೆಕ್ಟ್ರಾನ್ ದಾಟಿಸುವ ಕೈಗಳಿಗೂ ಅದೇ ಕಬ್ಬಿಣ ಬೇಕು. ಹಾಗಾಗಿ ಕಬ್ಬಿಣ ಕಮ್ಮಿಯಾದರೆ ಎರಡು ಏಟು. ಹಿಮೋಗ್ಲೋಬಿನ್ 12ರ ಮೇಲಿದ್ದರೂ ಫೆರಿಟಿನ್ ಒಂದಂಕಿಗೆ ಇಳಿದು, ಮೆಟ್ಟಿಲು ಹತ್ತಲು ಆಗದ ಹೆಂಗಸರನ್ನು ನಾನು ತುಂಬಾ ನೋಡಿದ್ದೇನೆ. ಫೆರಿಟಿನ್ ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಉಗ್ರಾಣದ ಲೆಕ್ಕ. ಎಂಟು ದಿನ ರಕ್ತ ಹೋಗಿ, ಮೇಲೆ ಊಟದ ಜೊತೆಗೇ ಟೀ ಕುಡಿದರೆ, ಉಗ್ರಾಣ ತುಂಬುವುದು ಎಲ್ಲಿಂದ? ಸೊಪ್ಪು, ಕಾಳಿನಲ್ಲಿರುವ ಕಬ್ಬಿಣವನ್ನು ಟೀಯ ಒಗರು ಹಿಡಿದುಬಿಡುತ್ತದೆ. ಪಾಪ, ಬೀಟ್‌ರೂಟ್‌ನಲ್ಲಿ ಬಣ್ಣ ಇರುವಷ್ಟು ಕಬ್ಬಿಣ ಇಲ್ಲ.

ಆಮೇಲೆ ಬಿ12. ಇದು ಮಾಂಸ, ಮೀನು, ಮೊಟ್ಟೆ, ಹಾಲು, ಮೊಸರಿನಂಥ ಪ್ರಾಣಿಗಳಿಂದ ಬರುವ ಆಹಾರದಲ್ಲಿ ಸಿಗುವ ವಿಟಮಿನ್. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಗೊಂಡರೆ ಕರುಳು ಇದನ್ನು ಹೀರುವುದು ಕಮ್ಮಿಯಾಗುತ್ತದೆ. ನೀವು ಎರಡೂ ಕಡೆಯಿಂದ ಸಿಕ್ಕಿಬಿದ್ದಿದ್ದೀರಿ. ಬಿ12 ಇಳಿದರೂ ಕಾಲು ಜುಮ್ಮೆನ್ನುತ್ತದೆ ಮೇಡಂ. ಶುಗರ್ ಇದೆ ಅಂತ ಎಲ್ಲವನ್ನೂ ಶುಗರ್ ತಲೆಗೆ ಕಟ್ಟುವುದು ನಮ್ಮಲ್ಲಿ ಅಭ್ಯಾಸ. ಹಾಗಂತ ಮೆಟ್‌ಫಾರ್ಮಿನ್ ನೀವಾಗಿ ನಿಲ್ಲಿಸಬೇಡಿ. ಅದು ಒಳ್ಳೆಯ ಮಾತ್ರೆ. ಬಿ12 ನೋಡಿಕೊಂಡರೆ ಆಯಿತು.

ಒಳ್ಳೆಯ ಫಿಜಿಷಿಯನ್ ಹತ್ತಿರ ಹೋಗಿ ಸಿಬಿಸಿ (ರಕ್ತಕಣಗಳ ಲೆಕ್ಕ), ಫೆರಿಟಿನ್, ಬಿ12, ಟಿಎಸ್‌ಎಚ್ (ಥೈರಾಯ್ಡ್‌ದು), ಕ್ರಿಯಾಟಿನಿನ್ (ಕಿಡ್ನಿಯದು), ಮೂರು ತಿಂಗಳ ಸರಾಸರಿ ಶುಗರ್ ಇಷ್ಟನ್ನು ಬರೆಸಿಕೊಳ್ಳಿ. ಥೈರಾಯ್ಡ್ ಕಾರ್ಖಾನೆಯ ವೇಗ ಹೇಳುವ ಮೇಸ್ತ್ರಿ, ಅದನ್ನು ಬಿಡಬಾರದು. ಲ್ಯಾಬ್‌ನವನಾಗಿ ಮೂರು ಗುಟ್ಟು ಹೇಳುತ್ತೇನೆ, ಇವನ್ನು ಯಾರೂ ಹೇಳುವುದಿಲ್ಲ. ಬಿ12 ಇಂಜೆಕ್ಷನ್ ಹಾಕಿಸಿಕೊಂಡ ಮೇಲೆ ಟೆಸ್ಟ್ ಮಾಡಿಸಬೇಡಿ, ಮುಗಿಲು ಮುಟ್ಟುವ ನಂಬರ್ ಬಂದು ನಿಜ ಮುಚ್ಚಿಹೋಗುತ್ತದೆ. ಕೂದಲು ಉದುರುತ್ತದೆ ಅಂತ ಬಯೋಟಿನ್ ಮಾತ್ರೆ ತಗೊಳ್ಳುತ್ತಿದ್ದರೆ ಡಾಕ್ಟರಿಗೂ ಲ್ಯಾಬಿಗೂ ಮೊದಲೇ ಹೇಳಿ, ಥೈರಾಯ್ಡ್ ರಿಪೋರ್ಟ್ ಅಡ್ಡಾದಿಡ್ಡಿ ಬರಬಹುದು. ಜ್ವರ, ಸೋಂಕು ಇರುವಾಗ ಫೆರಿಟಿನ್ ಸುಳ್ಳೇ ಮೇಲೇರುತ್ತದೆ, ವಾಸಿಯಾದ ಮೇಲೆ ಕೊಡಿ.

ಕೊನೆಗೊಂದು ಪ್ರಶ್ನೆ, ನಾಚಿಕೆ ಪಟ್ಟುಕೊಳ್ಳಬೇಡಿ. ಹಸಿ ಅಕ್ಕಿ, ಮಣ್ಣು, ಸೀಮೆಸುಣ್ಣ, ಐಸ್, ಇಂಥದ್ದು ಏನಾದರೂ ತಿನ್ನಬೇಕು ಅನ್ನಿಸುತ್ತದಾ?

ಕುಚ್ಚಲಕ್ಕಿ ಬರೆದದ್ದು:

ಚೆನ್ನಾಗಿ ಹೇಳಿದಿರಿ ಸರ್. ನಾನು ಕುಂದಾಪುರದವಳು, ಒಂದು ಮಾತು ಸೇರಿಸುತ್ತೇನೆ. ನೀವು ಬಿ1 ಬಿಟ್ಟಿರಿ. ಸಕ್ಕರೆ ಒಡೆದ ಮೇಲೆ ಆ ಕಾರ್ಖಾನೆಯ ಬಾಗಿಲು ದಾಟಲು ಬಿ1 ಬೇಕೇ ಬೇಕು. ಅದು ಇರುವುದು ಅಕ್ಕಿಯ ತೌಡಿನಲ್ಲಿ. ಜಾವಾದಲ್ಲಿ ಐಕ್‌ಮನ್ ಎನ್ನುವ ಡಚ್ ಡಾಕ್ಟರ್ ಕೋಳಿಗಳಿಗೆ ಪಾಲಿಷ್ ಅಕ್ಕಿ ಹಾಕಿದಾಗ ಅವು ಕಾಲು ಸೋತು ಬಿದ್ದವು, ತೌಡಿರುವ ಅಕ್ಕಿ ಹಾಕಿದರೆ ಎದ್ದವು. ಅದಕ್ಕೇ 1929ರಲ್ಲಿ ನೊಬೆಲ್ ಬಂತು. ನಮ್ಮ ಕುಚ್ಚಲಕ್ಕಿಯನ್ನು ಭತ್ತ ಇರುವಾಗಲೇ ಬೇಯಿಸುವುದರಿಂದ ಬಿ1 ಕಾಳಿನ ಒಳಗೆ ಇಳಿದು ಉಳಿಯುತ್ತದೆ. ನೀವು ಬಿಳಿ ಅಕ್ಕಿಯನ್ನು ನಾಲ್ಕು ನೀರು ತೊಳೆದು, ಗಂಜಿಯನ್ನೂ ಬಸಿದು ಚೆಲ್ಲಿದರೆ ಉಳಿಯುವುದೇನು?

ಮತ್ತೆ ಅಕ್ಕ, ಬಿ12ಗೆ ನುಗ್ಗೆಸೊಪ್ಪು ತಿನ್ನಿ. ನಮ್ಮ ಅತ್ತಿಗೆಗೆ ಒಳ್ಳೆಯದಾಗಿದೆ.

ಸ್ಯಾಂಪಲ್ ಟ್ಯೂಬ್ ಬರೆದದ್ದು:

ಬಿ1 ಬಿಟ್ಟದ್ದು ನನ್ನ ತಪ್ಪು, ಗಂಜಿ ಮಾತು ಸರಿಯಾಗಿದೆ. ಆದರೆ ನುಗ್ಗೆಸೊಪ್ಪಿನಲ್ಲಿ ಬಿ12 ಇಲ್ಲ ಅಮ್ಮ. ಬೇರೆ ಎಷ್ಟೋ ಒಳ್ಳೆಯದಿದೆ, ತಿನ್ನಲಿ. ಬಿ12 ಯಾವ ಸೊಪ್ಪಿನಲ್ಲೂ ಇಲ್ಲ.

ನಿಧಾನ ನಡಿಗೆ ಬರೆದದ್ದು:

ಯಾರೋ ಬಂದು "ವಾಕಿಂಗ್ ಮಾಡಿ, ಜಿಮ್‌ಗೆ ಹೋಗಿ, ಮೈಟೋಕಾಂಡ್ರಿಯಾ ಜಾಸ್ತಿ ಆಗುತ್ತೆ" ಅಂತ ಬರೆಯುವ ಮೊದಲು ನಾನು ಬರೆಯುತ್ತೇನೆ.

ಅದು ಸುಳ್ಳಲ್ಲ. 1967ರಲ್ಲೇ ಹೊಲೋಸಿ ಎನ್ನುವವರು ಇಲಿಗಳನ್ನು ವಾರಗಟ್ಟಲೆ ಓಡಿಸಿ, ಅವುಗಳ ಕಾಲಿನ ಮಾಂಸಖಂಡದಲ್ಲಿ ಮೈಟೋಕಾಂಡ್ರಿಯಾದ ಕಸುವು ಸುಮಾರು ಎರಡು ಪಟ್ಟು ಆಗಿದ್ದನ್ನು ತೋರಿಸಿದರು. ಮನುಷ್ಯರಲ್ಲೂ ಅದೇ. ದಿನವಿಡೀ ಕೂತು ಕೆಲಸ ಮಾಡುವವರಿಗೆ ಸಂಜೆಯ ಅರ್ಧ ಗಂಟೆ ನಡಿಗೆಗಿಂತ ಒಳ್ಳೆಯ ಪುಡಿ ಇಲ್ಲ.

ಆದರೆ ಎಲ್ಲರಿಗೂ ಅಲ್ಲ. 2021ರಲ್ಲಿ ಕೋವಿಡ್ ಬಂದು ಹೋದ ಮೇಲೆ ನನಗೆ ಹೀಗೇ ಸುಸ್ತು ಹಿಡಿಯಿತು. ಮೈಸೂರಿನಲ್ಲಿ ಕುಕ್ಕರಹಳ್ಳಿ ಕೆರೆ ಒಂದು ಸುತ್ತು ಹಾಕಿದರೆ ಅವತ್ತು ಏನೂ ಇಲ್ಲ. ಮಾರನೆಯ ದಿನ ಅಲ್ಲ, ಅದರ ಮಾರನೆಯ ದಿನ ಹಾಸಿಗೆಯಿಂದ ಏಳಲು ಆಗುತ್ತಿರಲಿಲ್ಲ. ಬೆಳಕೂ ಬೇಡ, ಮಾತೂ ಬೇಡ. ಮನೆಯವರು ಸೋಮಾರಿತನ ಅಂದರು. "ಇನ್ನೂ ಜಾಸ್ತಿ ನಡೆ" ಅಂದರು. ನಡೆದೆ. ಮೂರು ತಿಂಗಳು ರಜೆ ಹಾಕಬೇಕಾಯಿತು. ಹೀಗೆ ಶ್ರಮದ ನಂತರ ತಡವಾಗಿ ಕುಸಿಯುವುದು ಎಂಇ/ಸಿಎಫ್‌ಎಸ್ ಎನ್ನುವ, ಸುಸ್ತು ಬಿಡದ ಕಾಯಿಲೆಯ ಗುರುತು. ಇಂಥವರಿಗೆ ದಿನದಿನಕ್ಕೆ ವ್ಯಾಯಾಮ ಏರಿಸುತ್ತಾ ಹೋಗುವ ಚಿಕಿತ್ಸೆ ಕೊಡಬಾರದು ಅಂತ ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ಬ್ರಿಟನ್‌ನ ನೈಸ್ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಬರೆದಿದೆ. ನನ್ನ ಕೈ ಹಿಡಿದಿದ್ದು ಲೆಕ್ಕ. ಇಷ್ಟು ಮೆಟ್ಟಿಲು, ಇಷ್ಟು ಮಾತು, ಇಷ್ಟು ವಿಶ್ರಾಂತಿ. ಸುಸ್ತಾದ ಮೇಲೆ ಕೂರುವುದಲ್ಲ, ಆಗುವ ಮೊದಲೇ ಕೂರುವುದು.

ಅಕ್ಕ, ನಿಮ್ಮದು ಹಾಗೆ ಕಾಣುವುದಿಲ್ಲ, ಮೆಟ್ಟಿಲಲ್ಲೇ ಏದುಸಿರು ಬರುತ್ತಿದೆ. ಆದರೂ ರಕ್ತ ಸರಿಹೋಗುವ ತನಕ ಮೈಯನ್ನು ದಂಡಿಸಬೇಡಿ. ಆಮೇಲೆ ನಡೆಯುವುದು ಇದ್ದೇ ಇದೆ.

ಸೂಜಿದಾರ ಬರೆದದ್ದು:

ಎಲ್ಲರಿಗೂ ಥ್ಯಾಂಕ್ಸ್. ಹನ್ನೆರಡು ದಿನ ಆಯಿತು, ರಿಪೋರ್ಟ್ ಬಂದಿದೆ. ಒಟ್ಟು 2,150 ರೂಪಾಯಿ ಆಯಿತು.

ಹಿಮೋಗ್ಲೋಬಿನ್ 10.4. ಫೆರಿಟಿನ್ 6. ಬಿ12 139. ಟಿಎಸ್‌ಎಚ್ 2.8. ಕ್ರಿಯಾಟಿನಿನ್ ಸರಿ ಇದೆ. ಮೂರು ತಿಂಗಳ ಶುಗರ್ 7.6. ಎಂಸಿವಿ ಅಂತ ಒಂದಿದೆ, ಅದು 84, ಅದರ ಮುಂದೆ ನಾರ್ಮಲ್ ಅಂತಿದೆ. ಆರ್‌ಡಿಡಬ್ಲ್ಯು 18.6, ಅದರ ಮುಂದೆ ಮಾತ್ರ ನಕ್ಷತ್ರ ಹಾಕಿದ್ದಾರೆ.

ಸ್ಯಾಂಪಲ್ ಟ್ಯೂಬ್ ಅಣ್ಣಾ, ನಿಮ್ಮ ಕೊನೆಯ ಪ್ರಶ್ನೆ ಓದಿ ಎದೆ ಧಸಕ್ ಅಂದಿತ್ತು. ಅದಕ್ಕೇ ಅವತ್ತು ಉತ್ತರ ಕೊಡಲಿಲ್ಲ. ಬಟ್ಟೆ ಮೇಲೆ ಗುರುತು ಹಾಕುವ ಮಾರ್ಕಿಂಗ್ ಚಾಕ್ ಇರುತ್ತದಲ್ಲ, ತ್ರಿಕೋನದ್ದು. ಅದನ್ನು ತಿನ್ನುತ್ತೇನೆ. ಒಂದು ವರ್ಷದಿಂದ. ಮೊದಲು ಮೂಲೆ ಕಚ್ಚುತ್ತಿದ್ದೆ, ಈಗ ದಿನಕ್ಕೆ ಒಂದು ಬಿಲ್ಲೆ. ಬಿಳಿಯದೇ ಬೇಕು, ಬಣ್ಣದ್ದು ರುಚಿ ಇಲ್ಲ. ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ, ನಾಲಿಗೆಗೆ ಅಂಟುತ್ತದೆ, ಅದೇ ಹಿತ. ಡಬ್ಬಿ ಬೇಗ ಖಾಲಿಯಾಗುತ್ತದೆ ಅಂತ ಕೆಲಸದ ಹುಡುಗಿಗೆ ಬೈಯುತ್ತಿದ್ದೆ, ಪಾಪ. ಇದು ನನ್ನ ಗಂಡನಿಗೂ ಗೊತ್ತಿಲ್ಲ. ಹುಚ್ಚು ಹಿಡಿಯುತ್ತಿದೆ ಅಂದುಕೊಂಡಿದ್ದೆ.

ಡಾಕ್ಟರ್ ಲೇಡಿ, ವಯಸ್ಸು ಚಿಕ್ಕದು. ಚಾಕ್ ಅಂದ ಕೂಡಲೇ ನಗಲಿಲ್ಲ, "ಎಷ್ಟು ದಿನದಿಂದ?" ಅಂತ ಬರೆದುಕೊಂಡರು. ಬಿ12 ಇಂಜೆಕ್ಷನ್ ಶುರು ಮಾಡಿದ್ದಾರೆ. ಕಬ್ಬಿಣದ ಮಾತ್ರೆ ದಿನ ಬಿಟ್ಟು ದಿನ. ಮುಟ್ಟಿನ ವಿಷಯಕ್ಕೆ ಸ್ಕ್ಯಾನಿಂಗ್ ಬರೆದುಕೊಟ್ಟಿದ್ದಾರೆ. ದಿನ ಬಿಟ್ಟು ದಿನ ಅಂದರೆ ಸಾಕಾ? ದಿನಾ ತಗೊಂಡರೆ ಬೇಗ ಆಗಲ್ವಾ?

ಇನ್ನೊಂದು. ಸಂಘದಲ್ಲಿ ಈಗ ಹೇಳುತ್ತಿದ್ದಾರೆ, ಪುಡಿ ಬೇಡ ಅಂದರೆ ಕೋಕ್ಯು10 ಅಂತ ಮಾತ್ರೆ ಇದೆ, ತುಮಕೂರಿನಲ್ಲಿ ಎನರ್ಜಿ ಡ್ರಿಪ್ ಕೂಡ ಹಾಕುತ್ತಾರೆ ಅಂತ.

ಸ್ಯಾಂಪಲ್ ಟ್ಯೂಬ್ ಬರೆದದ್ದು:

ಹುಚ್ಚಲ್ಲ ಮೇಡಂ, ಉಗ್ರಾಣ ಖಾಲಿ. ಕಬ್ಬಿಣ ಕಮ್ಮಿಯಾದವರಿಗೆ ಇದು ಬರುತ್ತದೆ. ನಮ್ಮಲ್ಲಿಗೆ ಬರುವವರಲ್ಲಿ ಹಸಿ ಅಕ್ಕಿ ತಿನ್ನುವವರು ಬೇಕಾದಷ್ಟು, ಟೈಲರ್ ಚಾಕ್ ಮಾತ್ರ ನಾನು ಇದೇ ಮೊದಲು ಕೇಳಿದ್ದು. ಕಬ್ಬಿಣ ಏರಿದ ಹಾಗೆ ಆಸೆ ತಾನೇ ಹೋಗುತ್ತದೆ, ಅದೂ ಬೇಗ.

ಆ ಎಂಸಿವಿ ನಾರ್ಮಲ್ ಅನ್ನುವುದೇ ಮೋಸ ಮಾಡುವ ನಂಬರ್. ಕಬ್ಬಿಣ ಕಮ್ಮಿಯಾದರೆ ರಕ್ತಕಣ ಸಣ್ಣದಾಗುತ್ತದೆ, ಬಿ12 ಕಮ್ಮಿಯಾದರೆ ದೊಡ್ಡದಾಗುತ್ತದೆ. ಎರಡೂ ಒಟ್ಟಿಗೆ ಕಮ್ಮಿಯಾದರೆ ಸರಾಸರಿ ಸರಿಯಾಗಿಯೇ ಕಾಣುತ್ತದೆ! ಒಂದು ಬ್ಲೌಸ್ 32, ಇನ್ನೊಂದು 40 ಹೊಲಿದು, ಸರಾಸರಿ 36 ಅಂತ ಗಿರಾಕಿಗೆ ಕೊಟ್ಟ ಹಾಗೆ. ಕಣಗಳ ಅಳತೆ ಎಷ್ಟು ಏರುಪೇರಾಗಿದೆ ಅಂತ ಹೇಳುವುದು ಆರ್‌ಡಿಡಬ್ಲ್ಯು. ಅದರ ಮುಂದಿನ ನಕ್ಷತ್ರ ಸರಿಯಾಗಿಯೇ ಇದೆ. ಹೋದ ವರ್ಷದ ರಿಪೋರ್ಟ್ ಇದ್ದರೆ ತೆಗೆದು ನೋಡಿ, ಅಲ್ಲೂ ಈ ನಕ್ಷತ್ರ ಇದ್ದೀತು.

ಇನ್ನೊಂದು ಸಂಗತಿ ಡಾಕ್ಟರಿಗೆ ನೆನಪಿಸಿ. ಕಬ್ಬಿಣ ಕಮ್ಮಿ ಇದ್ದಾಗ ಮೂರು ತಿಂಗಳ ಶುಗರ್ ಇರುವುದಕ್ಕಿಂತ ಸ್ವಲ್ಪ ಜಾಸ್ತಿ ತೋರಿಸಬಹುದು. ಆ 7.6 ನೋಡಿ ಗಾಬರಿಯಾಗಿ ಮಾತ್ರೆ ಏರಿಸುವ ಮೊದಲು ಬೆರಳಿನ ಶುಗರ್ ಕೂಡ ನೋಡಲಿ.

ದಿನ ಬಿಟ್ಟು ದಿನ ಸರಿಯಾಗಿದೆ. ಒಂದು ಮಾತ್ರೆ ನುಂಗಿದರೆ ಲಿವರ್‌ನಿಂದ ಹೆಪ್ಸಿಡಿನ್ ಅನ್ನುವ ಹಾರ್ಮೋನ್ ಬಂದು ಕರುಳಿನ ಬಾಗಿಲು ಹಾಕುತ್ತದೆ. ಮಾರನೆಯ ದಿನವೂ ಅರ್ಧ ಮುಚ್ಚಿರುತ್ತದೆ. ಆಗ ನುಂಗಿದ್ದರ ಬಹುಪಾಲು ಹೊಟ್ಟೆ ಉರಿಸಿ ಹೊರಗೆ ಹೋಗುತ್ತದೆ ಅಷ್ಟೆ. ಖಾಲಿ ಹೊಟ್ಟೆಯಲ್ಲಿ, ನಿಂಬೆ ಶರಬತ್ತಿನ ಜೊತೆ. ಸಕ್ಕರೆ ಹಾಕದ್ದು, ನಿಮಗೆ ಹೇಳಬೇಕಾಗಿಲ್ಲ. ಆ ಹೊತ್ತಿಗೆ ಟೀ ಬೇಡ, ಹಾಲು ಬೇಡ, ಕ್ಯಾಲ್ಸಿಯಂ ಮಾತ್ರೆಯೂ ಬೇಡ. ಮಲ ಕಪ್ಪಾದರೆ ಹೆದರಬೇಡಿ. ಹಿಮೋಗ್ಲೋಬಿನ್ ಸರಿಹೋದ ಕೂಡಲೇ ಮಾತ್ರೆ ಬಿಡುವವರೇ ಜಾಸ್ತಿ, ಉಗ್ರಾಣ ತುಂಬಲು ಇನ್ನೂ ತಿಂಗಳುಗಳು ಬೇಕು. ಡಾಕ್ಟರ್ ಹೇಳುವ ತನಕ ಬಿಡಬೇಡಿ.

ಕೋಕ್ಯು10 ಕಾರ್ಖಾನೆಯಲ್ಲಿ ಎಲೆಕ್ಟ್ರಾನ್ ಹೊರುವ ಒಂದು ವಸ್ತು, ನಿಜ. ಹುಟ್ಟಿನಿಂದಲೇ ಅದನ್ನು ತಯಾರಿಸಲು ಆಗದ ಕೆಲವರಿದ್ದಾರೆ, ಅವರಿಗೆ ಅದೇ ಔಷಧ. ನಮ್ಮ ನಿಮ್ಮ ಮೈ ಅದನ್ನು ತಾನೇ ಮಾಡಿಕೊಳ್ಳುತ್ತದೆ. ಡ್ರಿಪ್ ಬಗ್ಗೆ ನನ್ನ ಅಭಿಪ್ರಾಯ ಬರೆದರೆ ಇಲ್ಲಿಂದ ತೆಗೆದುಹಾಕುತ್ತಾರೆ.

ಮೈಟೋಕಾಂಡ್ರಿಯಾವೇ ಕೆಟ್ಟಿರುವ ಕಾಯಿಲೆಗಳೂ ಇವೆ, ಅಪರೂಪ. ಮೈಟೋಕಾಂಡ್ರಿಯಾಕ್ಕೆ ಅದರದ್ದೇ 37 ಜೀನ್‌ಗಳಿವೆ, ಅವು ತಾಯಿಯಿಂದ ಮಾತ್ರ ಬರುತ್ತವೆ. ರೆಪ್ಪೆ ಜೋತುಬೀಳುವುದು, ಮಕ್ಕಳಿಗೆ ಫಿಟ್ಸ್, ಕಿವಿ ಕೇಳದಿರುವುದು, ಸ್ನಾಯು ಸೋಲುವುದು, ಹೀಗೆ ಒಂದೇ ಮನೆಯಲ್ಲಿ ಕಾಣಬಹುದು. ಅಂಥವರನ್ನು ನಿಮ್ಹಾನ್ಸ್‌ನಂಥ ಕಡೆ ನೋಡುತ್ತಾರೆ. ಮೊದಲು ಗೊತ್ತಾದದ್ದು ಸ್ವೀಡನ್‌ನ ಒಬ್ಬ ಹೆಂಗಸಿನಲ್ಲಿ, ವರದಿ ಬಂದದ್ದು 1962ರಲ್ಲಿ. ಆಕೆ ಎಷ್ಟು ಉಂಡರೂ ಸಣ್ಣ, ಚಳಿಯ ದೇಶದಲ್ಲೂ ಸದಾ ಬೆವರು, ಜೊತೆಗೆ ಸುಸ್ತು. ಇಂಧನವೆಲ್ಲ ಉರಿದು ಬರೀ ಶಾಖವಾಗುತ್ತಿತ್ತು. ಮೋಟರ್ ಜೋರಾಗಿ ತಿರುಗುತ್ತದೆ, ಬೆಲ್ಟ್ ಜಾರುತ್ತದೆ ಅಂತಾರಲ್ಲ, ಹಾಗೆ. ನಿಮ್ಮದು ಅದಲ್ಲ. ನಿಮ್ಮದು ಬಾಬಿನ್, ನೀವೇ ಮೊದಲ ದಿನ ಬರೆದಿದ್ದೀರಿ.

ಸೂಜಿದಾರ ಬರೆದದ್ದು:

ಒಂಬತ್ತು ವಾರ ಆಯಿತು. ತಡವಾಯಿತು, ಕ್ಷಮಿಸಿ, ಸೀಸನ್.

ಚಾಕ್ ಆಸೆ ಹೋಗಿದ್ದು ಮೂರನೇ ವಾರದಲ್ಲಿ. ಯಾವಾಗ ಹೋಯಿತು ಅಂತಲೇ ಗೊತ್ತಾಗಲಿಲ್ಲ. ಒಂದು ದಿನ ಕಟಿಂಗ್ ಮಾಡುವಾಗ ನೋಡಿದರೆ ಡಬ್ಬಿ ತುಂಬ ಹಾಗೇ ಇತ್ತು. ಒಂದು ಬಿಲ್ಲೆ ಮೂಸಿ ನೋಡಿದೆ, ಬರೀ ಸುಣ್ಣದ ವಾಸನೆ. ಇದನ್ನಾ ತಿನ್ನುತ್ತಿದ್ದೆ ಅನ್ನಿಸಿತು. ಹುಡುಗಿಗೆ ನಿಜ ಹೇಳಿ ಸಾರಿ ಕೇಳಿದೆ. ಅವಳಿಗೆ ಮೊದಲೇ ಗೊತ್ತಿತ್ತಂತೆ.

ಹಿಮೋಗ್ಲೋಬಿನ್ 12.1 ಆಗಿದೆ. ಮೂರು ತಿಂಗಳ ಶುಗರ್ 7.1. ಶುಗರ್ ಮಾತ್ರೆ ಏರಿಸಿಲ್ಲ. ಸ್ಕ್ಯಾನಿಂಗ್‌ನಲ್ಲಿ ಸಣ್ಣ ಗಡ್ಡೆ ಕಂಡಿದೆ, ಅದಕ್ಕೆ ಬೇರೆ ಮಾತ್ರೆ ನಡೆಯುತ್ತಿದೆ, ಮುಟ್ಟು ಐದು ದಿನಕ್ಕೆ ಇಳಿದಿದೆ. ಎಡಗಾಲಿನ ಜುಮ್ಮು ಪೂರ್ತಿ ಹೋಗಿಲ್ಲ. ಹೆಬ್ಬೆರಳು ಇನ್ನೂ ಮರಗಟ್ಟುತ್ತದೆ, ನರ ಸರಿಯಾಗಲು ಸಮಯ ಬೇಕು ಅಂದಿದ್ದಾರೆ. ಬ್ಲೌಸ್ ನಾಲ್ಕು ಆಗುತ್ತಿದೆ, ಕೆಲವು ದಿನ ಐದು. ಆರು ಇನ್ನೂ ಆಗಿಲ್ಲ. ಟೀ ಮೂರಕ್ಕೆ ಇಳಿಸಿದ್ದೇನೆ, ಇದೇ ಎಲ್ಲಕ್ಕಿಂತ ಕಷ್ಟದ್ದು. ಗಂಜಿ ಬಸಿಯುವುದು ಬಿಟ್ಟೆ. ಮೆಟ್ಟಿಲಲ್ಲಿ ಫೋನ್ ನೋಡುವ ನಾಟಕ ನಿಂತಿದೆ.

ಮೊನ್ನೆ ಸರಳಿನವರು ಮತ್ತೆ ಬಂದಿದ್ದರು. ಸುಮ್ನೆ ನನ್ನದೊಂದು ಸಲ ನೋಡಿ ಅಂದೆ. ಹಿಡಿದುಕೊಂಡೆ. ಈ ಸಲ 36 ಬಂತು. ಹೋದ ಸಲಕ್ಕಿಂತ ಎರಡು ಕಮ್ಮಿ! "ನೋಡಿದಿರಾ ಮೇಡಂ, ಪುಡಿ ತಗೊಳ್ಳದಿದ್ದರೆ ಹೀಗೇ" ಅಂದರು. ನನಗೆ ನಗು ತಡೆಯಲಾಗಲಿಲ್ಲ. ಆದರೆ ಆ ತೋಟದ ಹೆಂಗಸು ಆಗಲೇ ಎರಡು ಕಂತು ಕಟ್ಟಿದ್ದಾಳಂತೆ. ಬರುವ ಸೋಮವಾರ ಅವಳನ್ನು ಲ್ಯಾಬ್‌ಗೆ ಕರೆದುಕೊಂಡು ಹೋಗುತ್ತೇನೆ. ಅವಳು ಬಾಯಿಬಿಟ್ಟು ಹೇಳುವುದಿಲ್ಲ, ಸೆರಗಿನ ತುದಿಯಲ್ಲಿ ಹಸಿ ಅಕ್ಕಿ ಕಟ್ಟಿಕೊಂಡಿರುವುದನ್ನು ನಾನೇ ನೋಡಿದೆ.

ಫಾಲ್ಸ್‌ಗೆ ಹನ್ನೊಂದು ಸೀರೆ ಬಂದು ಕೂತಿವೆ, ಇನ್ನೊಮ್ಮೆ ಸಿಗುತ್ತೇನೆ.